ಶಿಷ್ಯನಿಂದ ಸೋಲು

ಎಲ್ಲರಿಂದಲೂ ಗೆಲುವನ್ನು ಬಯಸಬೇಕು, ಮಗನಿಂದಲೂ ಶಿಷ್ಯನಿಂದಲೂ ಮಾತ್ರ ಸೋಲನ್ನು ಬಯಸಬೇಕು ಎಂಬ ಅರ್ಥದ ಹಳೆಯ ಮಾತೊಂದು ನಮ್ಮಲ್ಲುಂಟು. ಅಧ್ಯಾಪಕರ ಬೀಳ್ಕೊಡುಗೆಯ ಸಭೆಗಳಲ್ಲಿ ಯಾರಾದರೊಬ್ಬರು ಈ ಮಾತನ್ನು ಎತ್ತದೆ ಬಿಡುವುದಿಲ್ಲ. ಹಾರ ಹಾಕಿಸಿಕೊಂಡು ಕುಳಿತ ಹಿರಿಯರು ತಲೆದೂಗುತ್ತಾರೆ. ಎದುರಿಗೆ ಕುಳಿತವರು ಚಪ್ಪಾಳೆ ತಟ್ಟುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಬಹುಕಾಲದಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ಬಂದಿರುವ ನಾನು ಇದನ್ನು ಎಷ್ಟು ಸಲ ಕೇಳಿದ್ದೇನೆಯೋ ಲೆಕ್ಕವಿಲ್ಲ. ಆದರೆ ಈ ಮಾತಿನ ಅರ್ಥವನ್ನು ಒರೆಗೆ ಹಚ್ಚಿ ನೋಡುವವರು ಕಡಿಮೆ. ಸೋಲು ಯಾರಿಂದ ಬಂದರೂ ಸೋಲೇ ಅಲ್ಲವೆ? ಅದನ್ನು ಬಯಸುವುದು ಮನುಷ್ಯಸ್ವಭಾವಕ್ಕೆ ಒಪ್ಪುವ ಸಂಗತಿಯೆ, ಇಲ್ಲವೆ ನಿವೃತ್ತಿಯ ದಿನ ಆಡಿ ಮರೆಯುವ ಸೌಜನ್ಯದ ಮಾತೆ?

ಇಂಥ ಪ್ರಶ್ನೆ ಬಂದಾಗ ಪುರಾಣದ ಕಡೆ ತಿರುಗುವುದು ನಮಗೆ ರೂಢಿ. ನಾನು ಇಂದು ಕಾಲ್ಚೆಂಡಾಟದ ಮೈದಾನದ ಕಡೆ ತಿರುಗುತ್ತೇನೆ. ಕನ್ನಡದ ಮೇಷ್ಟರಿಗೆ ಕಾಲ್ಚೆಂಡಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಅಲ್ಲಿ ಒಂದು ಅನುಕೂಲವಿದೆ. ತರಗತಿಯಲ್ಲಿ ಗುರುವೂ ಶಿಷ್ಯನೂ ಎದುರುಬದುರಾಗಿ ನಿಂತು ಬಲ ನೋಡಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ನನ್ನ ಶಿಷ್ಯ ನನ್ನನ್ನು ಮೀರಿದನೆಂದು ನಾನು ಸುಖವಾಗಿ ಹೇಳಿಕೊಂಡಿರಬಹುದು, ಅದಕ್ಕಾಗಿ ನಾನು ಕಳೆದುಕೊಳ್ಳುವುದೇನೂ ಇಲ್ಲ. ಮೈದಾನದಲ್ಲಾದರೋ ನಿನ್ನೆ ಕಲಿಸಿದವನೂ ನಿನ್ನೆ ಕಲಿತವನೂ ಇಂದು ಒಂದೇ ಬಟ್ಟಲಿಗಾಗಿ ಸೆಣಸಬೇಕಾಗುತ್ತದೆ. ಗೆದ್ದವರು ಯಾರೆಂಬುದನ್ನು ಸಾವಿರಾರು ಜನ ಕಣ್ಣಾರೆ ಕಾಣುತ್ತಾರೆ. ಹಳೆಯ ಮಾತಿನ ಸತ್ಯಾಸತ್ಯತೆಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ನಾನು ಹೇಳಹೊರಟಿರುವುದು ಅರ್ಜೆಂಟೀನಾದ ಮಾರ್ಸೆಲೊ ಬಿಯೆಲ್ಸಾ ಎಂಬ ಹಿರಿಯ ತರಬೇತುದಾರರ ವಿಚಾರ. ಅವರು ಹುಟ್ಟಿದ್ದು ೧೯೫೫ರಲ್ಲಿ, ರೊಸಾರಿಯೊ ನಗರದಲ್ಲಿ. ಅಜ್ಜ ಆಡಳಿತ ಕಾನೂನಿನಲ್ಲಿ ಹೆಸರಾದ ವಿದ್ವಾಂಸರು. ಅಣ್ಣ ಮುಂದೆ ದೇಶದ ವಿದೇಶಾಂಗ ಮಂತ್ರಿಯಾದವರು. ಅಂಥ ಮನೆಯ ಈ ಹುಡುಗ ಕಾಲ್ಚೆಂಡಿನ ಬೆನ್ನು ಹತ್ತಿದರು. ಆಟಗಾರರಾಗಿ ಅವರು ಹೇಳಿಕೊಳ್ಳುವಂಥದೇನನ್ನೂ ಸಾಧಿಸಲಿಲ್ಲ. ಇಪ್ಪತ್ತೈದರ ಸುಮಾರಿಗೇ ಆಟ ಬಿಟ್ಟು ಕಲಿಸುವ ಕೆಲಸಕ್ಕೆ ಕೈಹಾಕಿದರು. ನ್ಯೂವೆಲ್ಸ್ ಓಲ್ಡ್ ಬಾಯ್ಸ್ ಎಂಬ ತಮ್ಮೂರಿನ ಕ್ಲಬ್ಬಿನಲ್ಲಿ ಹೊರ್ಹೆ ಗ್ರಿಫಾ ಎಂಬ ಹಿರಿಯರ ಜೊತೆ ಸೇರಿ, ದೇಶದ ಒಳನಾಡನ್ನು ನಕ್ಷೆಯ ಮೇಲೆ ಭಾಗ ಭಾಗವಾಗಿ ವಿಂಗಡಿಸಿಕೊಂಡು, ಚಿಕ್ಕ ಫಿಯಟ್ ಕಾರಿನಲ್ಲಿ ಊರೂರು ಸುತ್ತಿ ಹುಡುಗರನ್ನು ಹುಡುಕಿದರು. ಮರ್ಫಿ ಎಂಬ ಸಣ್ಣ ಊರಿನಲ್ಲಿ ಇವರಿಬ್ಬರೂ ಅಪರಾತ್ರಿಯಲ್ಲಿ ಒಂದು ಮನೆಯ ಬಾಗಿಲು ತಟ್ಟಿ, ನಿದ್ರೆಯಲ್ಲಿದ್ದ ಹುಡುಗನ ಕಾಲುಗಳನ್ನು ನೋಡಿ, ಇವನು ಆಟಗಾರನಾಗುತ್ತಾನೆಂದು ತೀರ್ಮಾನಿಸಿದ ಕಥೆ ಪ್ರಸಿದ್ಧವಾಗಿದೆ. ಆ ಹುಡುಗನೇ ಮೌರಿಸಿಯೊ ಪೊಚೆಟ್ಟಿನೊ. ಮುಂದೆ ಇಂಗ್ಲೆಂಡಿನ ಟಾಟನ್‌ಹ್ಯಾಮ್ ತಂಡದ ತರಬೇತುದಾರರಾಗಿ ೨೦೧೯ರಲ್ಲಿ ಅದನ್ನು ಯೂರೋಪಿನ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯದವರೆಗೆ ಒಯ್ದವರು.

೧೯೯೦ರಲ್ಲಿ ಬಿಯೆಲ್ಸಾ ಅದೇ ಕ್ಲಬ್ಬಿನ ಹಿರಿಯರ ತಂಡವನ್ನು ವಹಿಸಿಕೊಂಡರು. ಅವರು ಕಲಿಸಿದ ಆಟದ ತಿರುಳನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಚೆಂಡು ಎದುರಾಳಿಯ ಪಾಲಾದರೆ ಹಿಂದಕ್ಕೋಡಿ ಗೋಲು ಕಾಯುತ್ತ ನಿಲ್ಲಬಾರದು; ಕಳೆದ ಜಾಗದಲ್ಲಿಯೇ ಮೇಲೆ ಬಿದ್ದು ಅದನ್ನು ಮರಳಿ ಪಡೆಯಬೇಕು. ಆಟ ನಡೆಯಬೇಕಾದುದು ಎದುರಾಳಿಯ ಅಂಗಳದಲ್ಲಿ. ಎದುರು ತಂಡದ ಮುಂಚೂಣಿಯಲ್ಲಿ ಒಬ್ಬನಿದ್ದರೆ ನಮ್ಮ ರಕ್ಷಣೆಗೆ ಇಬ್ಬರು, ಇಬ್ಬರಿದ್ದರೆ ಮೂವರು, ಉಳಿದವರೆಲ್ಲ ಮುನ್ನುಗ್ಗಬೇಕು. ಇದಕ್ಕೆಲ್ಲ ಬೇಕಾದುದು ಓಟ, ಬಿಡುವಿಲ್ಲದ ಓಟ. ೧೯೯೨ರಲ್ಲಿ ಆ ತಂಡ ಸ್ಯಾನ್ ಲೊರೆಂಜೊ ವಿರುದ್ಧ ಸ್ವಂತ ನೆಲದಲ್ಲಿಯೇ ಆರು ಗೋಲುಗಳಿಂದ ಸೋತಿತು. ಆದರೆ ಅದೇ ವರ್ಷ ಲೀಗ್ ಪ್ರಶಸ್ತಿಯನ್ನೂ ಗೆದ್ದಿತು, ದಕ್ಷಿಣ ಅಮೆರಿಕದ ಲಿಬರ್ಟಡೋರೆಸ್ ಬಟ್ಟಲಿನ ಅಂತಿಮ ಪಂದ್ಯವನ್ನೂ ಮುಟ್ಟಿತು. ಅಲ್ಲಿ ಬ್ರೆಜಿಲ್ಲಿನ ಸಾವೊ ಪಾಲೊ ತಂಡಕ್ಕೆ ಪೆನಾಲ್ಟಿ ಒದೆತಗಳಲ್ಲಿ ಸೋತಿತು.

ಅಂದಿನಿಂದ ಇವರ ಬಾಳಿನಲ್ಲಿ ಗೆಲುವಿಗಿಂತ ಸೋಲಿನ ಸುದ್ದಿಯೇ ಹೆಚ್ಚು. ೨೦೦೨ರ ವಿಶ್ವಕಪ್ಪಿಗೆ ಅರ್ಜೆಂಟೀನಾ ತಂಡವನ್ನು ಇವರು ಕರೆದೊಯ್ದಾಗ ಬಟ್ಟಲು ಅವರದೇ ಎಂದು ಅನೇಕರು ನಂಬಿದ್ದರು. ತಂಡ ಮೊದಲ ಸುತ್ತಿನಲ್ಲಿಯೇ ಹೊರಬಿತ್ತು. ೨೦೦೪ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಆರು ಪಂದ್ಯಗಳಲ್ಲಿ ಹದಿನೇಳು ಗೋಲು ಹೊಡೆದು, ಒಂದನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದದ್ದು ನಿಜ. ಆದರೆ ಯೂರೋಪಿನಲ್ಲಿ ಅವರು ಪಡೆದ ಪ್ರಶಸ್ತಿ ಒಂದೇ: ೨೦೨೦ರಲ್ಲಿ ಲೀಡ್ಸ್ ಯುನೈಟೆಡ್ ತಂಡಕ್ಕೆ ಗಳಿಸಿಕೊಟ್ಟ ಇಂಗ್ಲೆಂಡಿನ ಎರಡನೆಯ ದರ್ಜೆಯ ಲೀಗ್. ಹದಿನಾರು ವರ್ಷ ಹೊರಗಿದ್ದ ತಂಡ ಅದರಿಂದ ಮೊದಲ ದರ್ಜೆಗೆ ಮರಳಿತು. ಇಷ್ಟು ಕಡಿಮೆ ಬಟ್ಟಲುಗಳ ಒಡೆಯನನ್ನು, ಮೂರು ದೇಶಗಳಲ್ಲಿ ಲೀಗ್ ಗೆದ್ದ ಪೆಪ್ ಗಾರ್ಡಿಯೋಲಾ ಅವರು ಜಗತ್ತಿನ ಅತ್ಯುತ್ತಮ ತರಬೇತುದಾರರೆಂದು ಬಹಿರಂಗವಾಗಿ ಹೊಗಳಿದರೆ ಅದರ ಅರ್ಥವೇನು?

ಈಗ ೨೦೧೨ರ ಮೇ ತಿಂಗಳಿಗೆ ಬರೋಣ. ಬಿಯೆಲ್ಸಾ ಆಗ ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ತಂಡದಲ್ಲಿದ್ದರು. ಬಾಸ್ಕ್ ಸೀಮೆಗೆ ಸೇರಿದ ಆಟಗಾರರನ್ನಷ್ಟೇ ಆಡಿಸುವ ಆ ಕ್ಲಬ್ ಆ ವರ್ಷ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿ ಎಲ್ಲರ ಹುಬ್ಬೇರಿಸಿತ್ತು. ಮೇ ೯ರಂದು ಬುಕಾರೆಸ್ಟಿನಲ್ಲಿ ಯೂರೋಪಾ ಲೀಗಿನ ಅಂತಿಮ ಪಂದ್ಯ. ಎದುರಿಗೆ ಅಟ್ಲೆಟಿಕೊ ಮ್ಯಾಡ್ರಿಡ್. ಅದರ ತರಬೇತುದಾರರು ಡಿಯೆಗೊ ಸಿಮಿಯೋನೆ, ಅರ್ಜೆಂಟೀನಾ ತಂಡದಲ್ಲಿ ಬಿಯೆಲ್ಸಾ ಅವರ ಕೈಕೆಳಗೆ ಆಡಿದವರು. ಮೂರು ಗೋಲುಗಳಿಂದ ಗುರುವಿಗೆ ಸೋಲು. ಹದಿನಾರು ದಿನ ಕಳೆದು ಮೇ ೨೫ರಂದು ಮ್ಯಾಡ್ರಿಡ್ಡಿನಲ್ಲಿ ಸ್ಪೇನಿನ ರಾಜನ ಬಟ್ಟಲಿನ ಅಂತಿಮ ಪಂದ್ಯ. ಎದುರಿಗೆ ಬಾರ್ಸಿಲೋನಾ, ಅದರ ತರಬೇತುದಾರರಾಗಿ ಗಾರ್ಡಿಯೋಲಾ ಅವರಿಗೆ ಅದೇ ಕೊನೆಯ ಪಂದ್ಯ. ಅಲ್ಲಿಯೂ ಮೂರು ಗೋಲುಗಳಿಂದ ಸೋಲು. ಒಂದೇ ತಿಂಗಳಲ್ಲಿ ಎರಡು ಬಟ್ಟಲು. ಒಂದನ್ನು ಶಿಷ್ಯ ಕೊಂಡೊಯ್ದ, ಇನ್ನೊಂದನ್ನು ತನ್ನನ್ನು ಗುರುವೆಂದು ನಂಬಿದವನು ಕೊಂಡೊಯ್ದ. ಹಳೆಯ ಮಾತಿನ ಪ್ರಕಾರ ಬಿಯೆಲ್ಸಾ ಅಂದು ಧನ್ಯರಾಗಬೇಕಾಗಿತ್ತು.

ಇಲ್ಲಿ ನಾವು ಅವಸರಪಟ್ಟು ಸಮಾಧಾನ ತಂದುಕೊಳ್ಳಬಾರದು. ಶಿಷ್ಯರ ಗೆಲುವೇ ಗುರುವಿನ ಗೆಲುವೆಂದು ಹೇಳಿಬಿಡುವುದು ಸುಲಭ. ಆದರೆ ಬಿಲ್ಬಾವೊದಿಂದ ಬುಕಾರೆಸ್ಟಿನವರೆಗೆ ಹೋಗಿ ಕಣ್ಣೀರಿಟ್ಟು ಮರಳಿದ ಅಭಿಮಾನಿಗೆ ಈ ತತ್ತ್ವದಿಂದ ಏನು ಪ್ರಯೋಜನ? ಅಂದು ಮೈದಾನದಲ್ಲಿ ಕುಸಿದು ಕುಳಿತ ಹುಡುಗರಿಗೆ ಎದುರು ತಂಡದ ತರಬೇತುದಾರ ತಮ್ಮ ಮೇಷ್ಟರ ಹಳೆಯ ಶಿಷ್ಯನೆಂಬುದು ಸಮಾಧಾನವಾದೀತೆ? ಗುರುವಿನ ಮೇಲೆ ಹಿಂದಿನ ಶಿಷ್ಯರ ಹಕ್ಕು ಇರುವಂತೆ ಇಂದಿನ ಶಿಷ್ಯರ ಹಕ್ಕೂ ಇದೆ. ಹಿಂದಿನವನಿಂದ ಸೋಲನ್ನು ಬಯಸುವವನು ಇಂದಿನವನಿಗೆ ದ್ರೋಹ ಬಗೆದಂತೆಯೇ. ಬಿಯೆಲ್ಸಾ ಆ ಸೋಲನ್ನು ಬಯಸಿರಲಿಲ್ಲ. ಹಾಗಾದರೆ ಹಳೆಯ ಮಾತು ಸುಳ್ಳೆ?

ಈ ಗಂಟನ್ನು ಬಿಡಿಸಬೇಕಾದರೆ ಗುರು ಏನನ್ನು ಕೊಟ್ಟ, ಹೇಗೆ ಕೊಟ್ಟ ಎಂಬುದನ್ನು ನೋಡಬೇಕು. ೨೦೦೬ರಲ್ಲಿ ಗಾರ್ಡಿಯೋಲಾ ಇನ್ನೂ ತರಬೇತುದಾರರಾಗಿರಲಿಲ್ಲ. ಆಟ ಮುಗಿಸಿ, ಮುಂದಿನ ದಾರಿ ಹುಡುಕುತ್ತ ಅವರು ಅರ್ಜೆಂಟೀನಾಕ್ಕೆ ಹೋಗಿ ಬಿಯೆಲ್ಸಾ ಅವರ ಹಳ್ಳಿಮನೆಯ ಬಾಗಿಲಿಗೆ ಬಂದರು. ಬಿಯೆಲ್ಸಾ ಆಗ ಯಾವ ತಂಡದ ಹೊಣೆಯೂ ಇಲ್ಲದೆ ಏಕಾಂತದಲ್ಲಿದ್ದರು. ಇಬ್ಬರೂ ಹನ್ನೊಂದು ಗಂಟೆಗಳ ಕಾಲ ಮಾತಾಡಿದರೆಂದು ವರದಿ. ಈ ಕಸುಬಿನಲ್ಲಿ ಒಬ್ಬನ ವಿದ್ಯೆ ಇನ್ನೊಬ್ಬನ ಕೈಸೇರಿದರೆ ಅದು ನಾಳೆ ತನಗೇ ಮುಳುವಾಗಬಹುದು, ಆಗಿಯೂ ಆಯಿತು. ಆದರೂ ಬಂದವನಿಗೆ ಏನನ್ನೂ ಮುಚ್ಚಿಡದೆ ಹೇಳಿದರು.

ಕಾಸಿಲ್ದಾ ಎಂಬ ಊರಿನ ಹೊರ್ಹೆ ಸಂಪಾವೋಲಿ ಅವರ ಕಥೆ ಇನ್ನೂ ವಿಚಿತ್ರ. ಹರೆಯದಲ್ಲಿಯೇ ಗಾಯವಾಗಿ ಆಟ ಬಿಡಬೇಕಾಗಿ ಬಂದ ಇವರು ಬಿಯೆಲ್ಸಾ ಅವರ ಕೈಕೆಳಗೆ ಒಂದು ದಿನವೂ ಆಡಿದವರಲ್ಲ. ಬಿಯೆಲ್ಸಾ ಅವರ ಮಾತುಗಳ ಧ್ವನಿಮುದ್ರಿಕೆಯನ್ನು ಕಿವಿಗೆ ಹಚ್ಚಿಕೊಂಡು ಓಡುತ್ತಿದ್ದರಂತೆ. ೨೦೦೭ರಿಂದ ೨೦೧೧ರವರೆಗೆ ಬಿಯೆಲ್ಸಾ ಚಿಲಿ ದೇಶದ ತಂಡಕ್ಕೆ ಹೊಸ ಎದೆಗಾರಿಕೆ ಕಲಿಸಿ ಬಿಟ್ಟುಹೋದ ಮೇಲೆ, ಸ್ವಲ್ಪ ಕಾಲದಲ್ಲಿಯೇ ಅದು ಸಂಪಾವೋಲಿ ಅವರ ಕೈಗೆ ಬಂತು. ೨೦೧೫ರಲ್ಲಿ ಚಿಲಿ ಮೊದಲ ಬಾರಿಗೆ ಕೋಪಾ ಅಮೆರಿಕ ಗೆದ್ದಿತು. ಅಂತಿಮ ಪಂದ್ಯದಲ್ಲಿ ಸೋತ ಅರ್ಜೆಂಟೀನಾದ ತರಬೇತುದಾರರು ಹೆರಾರ್ದೊ ಮಾರ್ಟಿನೊ: ನ್ಯೂವೆಲ್ಸ್ ತಂಡದಲ್ಲಿ ಬಿಯೆಲ್ಸಾ ಅವರ ಆಟಗಾರರಾಗಿದ್ದವರು. ಒಬ್ಬರೇ ಗುರುವಿನ ಪಾಠ ಎರಡು ಕಡೆಯಲ್ಲೂ ನಿಂತು ಸೆಣಸಿತು.

ಸಂಪಾವೋಲಿ ಅವರನ್ನು ನೆನೆದಾಗ ನಮಗೆ ಏಕಲವ್ಯನ ನೆನಪಾಗದಿರದು. ದ್ರೋಣರು ವಿದ್ಯೆ ನಿರಾಕರಿಸಿದರು. ಮಣ್ಣಿನ ಮೂರ್ತಿಯ ಮುಂದೆ ಅವನು ತಾನೇ ಕಲಿತಾಗ ಹೆಬ್ಬೆರಳನ್ನು ಬೇಡಿದರು. ಅದನ್ನು ಗುರುದಕ್ಷಿಣೆಯೆಂದು ಕರೆದರೂ ಅದರ ಹಿಂದೆ ಇದ್ದುದು ಅಳುಕು. ಒಬ್ಬ ಶಿಷ್ಯನೇ ಎಲ್ಲರಿಗಿಂತ ಮೇಲಾಗಬೇಕು, ತಾನು ಕೊಟ್ಟ ಮಾತು ಉಳಿಯಬೇಕು ಎಂಬ ಅಳುಕು. ಎಷ್ಟೋ ಗುರುಗಳು ಹೀಗೆ ಬಾಯಿಬಿಟ್ಟು ಹೆಬ್ಬೆರಳನ್ನು ಕೇಳುವುದಿಲ್ಲ. ತಮ್ಮ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿದವನನ್ನು ಶಿಷ್ಯನಲ್ಲವೆಂದು ದೂರ ಮಾಡುತ್ತಾರೆ, ತಮ್ಮ ಮಾತನ್ನೇ ಒಪ್ಪಿಸಿದವನಿಗೆ ಬೆನ್ನು ತಟ್ಟುತ್ತಾರೆ. ಹೆಬ್ಬೆರಳು ಹೋಗುವುದು ಹಾಗೆಯೂ ಉಂಟು.

ಸಿಮಿಯೋನೆ ಅವರ ಉದಾಹರಣೆ ಇಲ್ಲಿ ಬಹಳ ಮುಖ್ಯವೆಂದು ನನಗೆ ತೋರುತ್ತದೆ. ಅವರ ತಂಡ ಹೆಸರಾದುದು ಬಿಯೆಲ್ಸಾ ಅವರ ರೀತಿಗೆ ಹೆಚ್ಚುಕಡಿಮೆ ವಿರುದ್ಧವಾದ ಆಟಕ್ಕೆ: ಹಿಂದೆ ಕೋಟೆ ಕಟ್ಟಿಕೊಂಡು, ತಾಳ್ಮೆಯಿಂದ ಕಾದು, ಸಮಯ ನೋಡಿ ಹೊಡೆಯುವ ಆಟ. ಗಾರ್ಡಿಯೋಲಾ ಅವರ ತಂಡಗಳು ಚೆಂಡನ್ನು ಬಿಡದೆ ಇಟ್ಟುಕೊಂಡು ಎದುರಾಳಿಯನ್ನು ದಣಿಸುತ್ತವೆ. ಒಬ್ಬರಂತೆ ಇನ್ನೊಬ್ಬರಿಲ್ಲ, ಗುರುವಿನಂತೆ ಯಾರೂ ಇಲ್ಲ. ಹಾಗಾದರೆ ಬಿಯೆಲ್ಸಾ ಅವರಿಂದ ಇವರೆಲ್ಲ ಪಡೆದುದೇನು? ಆಟದ ರೂಪವಲ್ಲವೆಂಬುದು ಸ್ಪಷ್ಟ. ಈ ಕೆಲಸವನ್ನು ಅರೆಮನಸ್ಸಿನಿಂದ ಮಾಡಲಾಗದು, ಪ್ರತಿಯೊಂದು ಪಂದ್ಯಕ್ಕೂ ಕೊನೆಯ ವಿವರದವರೆಗೆ ಸಿದ್ಧನಾಗಬೇಕು, ನೀನು ಏನನ್ನು ನಂಬುತ್ತೀಯೋ ಅದನ್ನು ಫಲದ ಭಯದಿಂದ ಬಿಡಬಾರದು ಎಂಬ ಶ್ರದ್ಧೆಯನ್ನು ಪಡೆದರು. ರೂಪ ಒಬ್ಬನೊಡನೆ ಹುಟ್ಟಿ ಅವನೊಡನೆ ಸವೆಯುತ್ತದೆ. ಶ್ರದ್ಧೆ ಮಾತ್ರ ಒಬ್ಬನಿಂದ ಇನ್ನೊಬ್ಬನಿಗೆ ದಾಟಿ ಬೇರೆ ಬೇರೆ ರೂಪ ತಾಳಬಲ್ಲದು.

ಇಷ್ಟು ಹೇಳಿ ಅವರನ್ನು ಋಷಿಯನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ೨೦೧೯ರ ಜನವರಿಯಲ್ಲಿ ಎದುರಾಳಿ ಡರ್ಬಿ ಕೌಂಟಿ ತಂಡದ ಅಭ್ಯಾಸವನ್ನು ಕದ್ದು ನೋಡಲು ಹೋದ ಇವರ ಕಡೆಯವನೊಬ್ಬ ಸಿಕ್ಕಿಬಿದ್ದ. ಬಿಯೆಲ್ಸಾ ತಾವೇ ಕಳುಹಿಸಿದ್ದೆಂದು ಒಪ್ಪಿಕೊಂಡರು. ಆ ಋತುವಿನ ಎದುರಾಳಿಗಳನ್ನೆಲ್ಲ ಹೀಗೆಯೇ ನೋಡಿಸಿದ್ದಾಗಿ ಕೇಳದೆಯೇ ಹೇಳಿದರು. ಕ್ಲಬ್ಬಿಗೆ ಬಿದ್ದ ಎರಡು ಲಕ್ಷ ಪೌಂಡು ದಂಡವನ್ನು ತಮ್ಮ ಕೈಯಿಂದಲೇ ತೆತ್ತರು. ಅದೇ ವರ್ಷದ ಏಪ್ರಿಲಿನಲ್ಲಿ ಆಸ್ಟನ್ ವಿಲ್ಲಾ ತಂಡದ ಆಟಗಾರನೊಬ್ಬ ಗಾಯಗೊಂಡು ಬಿದ್ದಿದ್ದಾಗ ಲೀಡ್ಸ್ ಗೋಲು ಹೊಡೆಯಿತು. ಅದು ನ್ಯಾಯವಲ್ಲವೆಂದು ಬಿಯೆಲ್ಸಾ ಎದುರಾಳಿಗೆ ಒಂದು ಗೋಲನ್ನು ತಡೆಯದೆ ಬಿಟ್ಟುಕೊಡುವಂತೆ ತಮ್ಮವರಿಗೆ ಆಜ್ಞಾಪಿಸಿದರು. ಪಂದ್ಯ ಸಮವಾಗಿ, ನೇರ ಬಡ್ತಿ ಬೇರೊಂದು ತಂಡದ ಪಾಲಾಯಿತು. ಒಬ್ಬನೇ ಮನುಷ್ಯ, ನಾಲ್ಕು ತಿಂಗಳ ಒಳಗೆ, ಒಂದು ಕಡೆ ಬೇಲಿಯಾಚೆ ಇಣುಕುತ್ತಾನೆ, ಇನ್ನೊಂದು ಕಡೆ ಕೈಗೆ ಬಂದ ಗೋಲನ್ನು ಮರಳಿಸುತ್ತಾನೆ. ಗೆಲ್ಲಲೇಬೇಕೆಂಬ ಹಟವೂ ಹೀಗೆ ಗೆಲ್ಲಬಾರದೆಂಬ ವಿವೇಕವೂ ಒಂದೇ ಮನೆಯಲ್ಲಿ ವಾಸಿಸಬಲ್ಲವು. ಶಿಷ್ಯರ ಕಣ್ಣಿಗೆ ಎರಡೂ ಬೀಳುತ್ತವೆ. ಯಾವುದನ್ನು ಕೊಂಡೊಯ್ಯುತ್ತಾರೆಂಬುದು ಗುರುವಿನ ಕೈಯಲ್ಲಿಲ್ಲ.

ಅವರ ಶಾಲೆಯಲ್ಲಿ ಕಲಿತವರು ಬೆಲೆ ತೆರದೆಯೂ ಇರಲಿಲ್ಲ. ಅಭಿಮಾನಿಯೊಬ್ಬನು ಪಂದ್ಯದ ಚೀಟಿ ಕೊಳ್ಳಲು ಎಷ್ಟು ಹೊತ್ತು ದುಡಿಯಬೇಕೆಂದು ಲೆಕ್ಕ ಹಾಕಿ, ಲೀಡ್ಸಿನ ಆಟಗಾರರಿಂದ ಅಷ್ಟು ಹೊತ್ತು, ಅಂದರೆ ಮೂರು ಗಂಟೆ, ಕಸ ಹೆಕ್ಕಿಸಿದರೆಂದು ವರದಿಯಾಗಿತ್ತು. ಈ ಪಾಠ ನಮಗೆ ಮೆಚ್ಚುಗೆಯಾಗಬಹುದು. ಆದರೆ ೨೦೨೨ರ ಫೆಬ್ರವರಿ ಒಂದೇ ತಿಂಗಳಲ್ಲಿ ಅದೇ ತಂಡ ಇಪ್ಪತ್ತು ಗೋಲು ಬಿಟ್ಟುಕೊಟ್ಟಾಗಲೂ ತಮ್ಮ ರೀತಿಯನ್ನು ಬದಲಿಸದೆ ಅವರು ಕೆಲಸ ಕಳೆದುಕೊಂಡರು. ೨೦೨೩ರಲ್ಲಿ ಅವರು ಉರುಗ್ವೆ ತಂಡವನ್ನು ವಹಿಸಿಕೊಂಡ ಮೇಲೆ, ಆ ದೇಶದ ಹೆಸರಾಂತ ಆಟಗಾರ ಲೂಯಿಸ್ ಸ್ವಾರೆಜ್ ೨೦೨೪ರಲ್ಲಿ ಅವರ ಬಿಗಿಯ ನಡವಳಿಕೆಯನ್ನು ಬಹಿರಂಗವಾಗಿ ಟೀಕಿಸಿದರು. ಶಿಷ್ಯರು ಗುರುವಿನ ಶ್ರದ್ಧೆಯನ್ನು ಉಳಿಸಿಕೊಂಡು ಬಿಗಿಯನ್ನು ಸಡಿಲಿಸಿದ್ದರಿಂದಲೇ ಗೆದ್ದರೆಂದು ಹೇಳುವವರಿದ್ದಾರೆ. ಇರಬಹುದು. ಬಿಗಿ ಎಲ್ಲಿ ಒಡೆಯುತ್ತದೆಂಬುದನ್ನು ಮೊದಲು ಯಾರಾದರೂ ತಮ್ಮ ಮೈಮೇಲೆ ಪರೀಕ್ಷಿಸಿ ತೋರಿಸಿದ್ದರೆ ಮಾತ್ರ ಮುಂದಿನವರಿಗೆ ಸಡಿಲಿಸುವ ಜಾಗ ತಿಳಿಯುತ್ತದೆ.

ಇನ್ನು ಗುರುವೆಂಬ ಹೆಸರಿನ ವಿಚಾರ. ಪತ್ರಿಕೆಯಲ್ಲಿ ಯಾರದಾದರೂ ಭಾವಚಿತ್ರ ಬಂದರೆ ‘ಇವನು ನನ್ನ ಶಿಷ್ಯ’ ಎಂದು ಪಕ್ಕದವರಿಗೆ ತೋರಿಸುವ ಚಪಲ ಅಧ್ಯಾಪಕರಾದ ನಮಗೆಲ್ಲ ಇದ್ದುದೇ. ಆದರೆ ಪರೀಕ್ಷೆಯಲ್ಲಿ ತಪ್ಪಿ, ಬದುಕಿನಲ್ಲಿಯೂ ದಾರಿ ತಪ್ಪಿದವನನ್ನು ಹೀಗೆ ನಮ್ಮವನೆಂದು ತೋರಿಸಿದ ಅಧ್ಯಾಪಕರನ್ನು ನಾನು ಕಂಡಿಲ್ಲ. ಫಲವನ್ನು ನಮ್ಮ ಲೆಕ್ಕಕ್ಕೆ ಬರೆದುಕೊಂಡು ನಷ್ಟವನ್ನು ಅವನ ಲೆಕ್ಕಕ್ಕೆ ಹಾಕುವುದು ಎಲ್ಲಿಯ ನ್ಯಾಯ? ೨೦೨೦ರಲ್ಲಿ ಲೀಡ್ಸ್ ಮತ್ತು ಮ್ಯಾಂಚೆಸ್ಟರ್ ಸಿಟಿ ತಂಡಗಳು ಎದುರಾಗುವ ಮುನ್ನ ಬಿಯೆಲ್ಸಾ ಅವರನ್ನು ಕೇಳಿದಾಗ, ತಾವು ಗಾರ್ಡಿಯೋಲಾ ಅವರ ಗುರುವಲ್ಲವೆಂದೂ ಅವರ ವಿಚಾರಗಳು ಅವರವೇ ಎಂದೂ ಹೇಳಿದರು. ಇದನ್ನು ವಿನಯವೆಂದು ಹೊಗಳಿದವರುಂಟು. ನನಗೆ ಇದು ಲೆಕ್ಕದ ಪ್ರಾಮಾಣಿಕತೆಯಾಗಿ ಕಾಣುತ್ತದೆ. ‘ಇವರು ನನ್ನ ಗುರು’ ಎಂದು ಹೇಳುವ ಅಧಿಕಾರ ಶಿಷ್ಯನದು. ‘ಇವನು ನನ್ನ ಶಿಷ್ಯ’ ಎಂದು ಹೇಳುವ ಅಧಿಕಾರ ಗುರುವಿಗಿಲ್ಲ. ಸಾಲ ಪಡೆದವನು ನೆನೆಯಬೇಕು, ಕೊಟ್ಟವನು ಮರೆಯಬೇಕು.

ಈ ಇಬ್ಬರೂ ಇಂಗ್ಲೆಂಡಿನ ಲೀಗಿನಲ್ಲಿ ಮೂರು ಬಾರಿ ಎದುರಾದರು. ೨೦೨೦ರ ಅಕ್ಟೋಬರಿನಲ್ಲಿ ಒಂದೊಂದು ಗೋಲಿನ ಸಮ. ೨೦೨೧ರ ಏಪ್ರಿಲಿನಲ್ಲಿ ಒಬ್ಬ ಆಟಗಾರನನ್ನು ಕಳೆದುಕೊಂಡು ಹತ್ತೇ ಜನ ಉಳಿದಿದ್ದ ಲೀಡ್ಸ್, ಎದುರಾಳಿಯ ನೆಲದಲ್ಲಿ ಎರಡಕ್ಕೆ ಒಂದರಿಂದ ಗೆದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಗಾರ್ಡಿಯೋಲಾ ಅವರ ತಂಡ ಏಳು ಗೋಲು ಹೊಡೆಯಿತು. ಲೀಡ್ಸಿಗೆ ಒಂದೂ ದಕ್ಕಲಿಲ್ಲ. ಗುರುವೆಂದು ಶಿಷ್ಯ ಕರುಣೆ ತೋರಲಿಲ್ಲ. ಶಿಷ್ಯನೆಂದು ಗುರು ಆಟ ಬಿಟ್ಟುಕೊಡಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಈ ಮೂರು ಪಂದ್ಯಗಳಲ್ಲಿದೆ ಎಂದು ತೋರುತ್ತದೆ. ಬೇಕೆಂದೇ ಸೋಲುವ ಗುರು ಶಿಷ್ಯನನ್ನು ಅವಮಾನಿಸುತ್ತಾನೆ. ಸೋಲಬಾರದೆಂದು ವಿದ್ಯೆಯನ್ನು ಬಚ್ಚಿಡುವ ಗುರು ವಿದ್ಯೆಯನ್ನೇ ಅವಮಾನಿಸುತ್ತಾನೆ. ಕಲಿಸುವಾಗ ಏನನ್ನೂ ಉಳಿಸಿಕೊಳ್ಳದೆ ಕೊಡಬೇಕು. ಎದುರು ನಿಂತಾಗ ಏನನ್ನೂ ಉಳಿಸಿಕೊಳ್ಳದೆ ಸೆಣಸಬೇಕು. ಹೀಗೆ ಸೆಣಸಿಯೂ ಸೋತರೆ ಆ ಸೋಲು ತಾನು ಕೊಟ್ಟುದು ಗಟ್ಟಿಯಾಗಿತ್ತೆಂಬುದಕ್ಕೆ ಸಾಕ್ಷಿ. ಶಿಷ್ಯನಿಂದ ಸೋಲನ್ನು ಬಯಸು ಎಂದರೆ ಆ ಸೋಲಿಗೆ ಹೆದರಿ ಕೈ ಹಿಡಿಯಬೇಡ ಎಂದು ಅರ್ಥ ಮಾಡಬೇಕು. ಹಾಗೆ ಓದಿದರೆ ಹಳೆಯ ಮಾತು ಸುಳ್ಳಲ್ಲ. ಅದನ್ನು ಸೌಜನ್ಯಕ್ಕೆ ಇಳಿಸಿದವರು ನಾವು.

ನಮ್ಮ ಕಾಲೇಜುಗಳಲ್ಲಿ ವರ್ಷದ ಕೊನೆಗೆ ನೂರಕ್ಕೆ ಎಷ್ಟು ಮಂದಿ ತೇರ್ಗಡೆಯಾದರೆಂದು ಲೆಕ್ಕ ಕೇಳುತ್ತಾರೆ. ಕೇಳುವುದು ತಪ್ಪಲ್ಲ, ಬಟ್ಟಲು ಎಣಿಸದೆ ಆಟ ನಡೆಯುವುದಿಲ್ಲ. ಆದರೆ ಗ್ರಿಫಾ ಅವರು ಬಿಯೆಲ್ಸಾ ಅವರಿಗೆ ಕೊಟ್ಟುದು, ಬಿಯೆಲ್ಸಾ ಅವರು ನಾಲ್ಕು ದಿಕ್ಕಿಗೆ ಹಂಚಿದ್ದು, ಅದನ್ನು ಪಡೆದವರು ಇಂದು ಯಾವುದೋ ಊರಿನ ಹುಡುಗರಿಗೆ ದಾಟಿಸುತ್ತಿರುವುದು ಆ ಎಣಿಕೆಗೆ ಸಿಕ್ಕುವಂಥದಲ್ಲ. ಗ್ರಿಫಾ ೨೦೨೪ರಲ್ಲಿ ತೀರಿಕೊಂಡರು. ಆ ಋಣವನ್ನು ಬಿಯೆಲ್ಸಾ ಅವರಿಗೆ ಹಿಂದಿರುಗಿಸಿ ತೀರಿಸಲಾಗಲಿಲ್ಲ. ಯಾವ ಶಿಷ್ಯನೂ ಹಾಗೆ ತೀರಿಸಿದ್ದಿಲ್ಲ. ಅದು ಮುಂದಕ್ಕೆ ಸಲ್ಲತಕ್ಕ ಸಾಲ. ನಾಳೆ ನಮ್ಮ ಮುಂದಿನ ಬೆಂಚಿನಲ್ಲಿ ಬಂದು ಕೂರುವ ಹುಡುಗನಿಗೆ, ಅವನು ಎಂದಾದರೊಂದು ದಿನ ನಮ್ಮನ್ನು ಸೋಲಿಸುವಷ್ಟು, ಕೊಡುವ ಧೈರ್ಯ ನಮಗಿದೆಯೆ ಎಂದಷ್ಟೇ ನಾವು ಕೇಳಿಕೊಳ್ಳಬೇಕು.